ಎಂಟಕ್ಕೆ ಹೊರಡುವ ತಾಯಿ, ಒಂಬತ್ತೂವರೆಗೆ ತೆರೆಯುವ ಬಾಗಿಲು

"ಮೇಡಂ, ಮಗುವಿಗೆ ಒಂದು ವರ್ಷ ಎರಡು ತಿಂಗಳು. ಅಂಗನವಾಡಿಯಲ್ಲಿ ಬಿಟ್ಟು ಕೆಲಸಕ್ಕೆ ಹೋಗಬಹುದೇ?"

ಅಂಗನವಾಡಿ ಮೇಲ್ವಿಚಾರಕಿಯಾಗಿ ಬೆಂಗಳೂರಿನ ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿಯ ಗಲ್ಲಿಗಳನ್ನು ಇಪ್ಪತ್ತು ವರ್ಷ ಸುತ್ತಿದ ನನಗೆ ಈ ಪ್ರಶ್ನೆ ಎದುರಾಗದ ವಾರವೇ ಇರಲಿಲ್ಲ. ನಿವೃತ್ತಳಾದ ಮೇಲೂ ತಪ್ಪಿಲ್ಲ, ಈಗ ಮೊಬೈಲ್‌ಗೆ ಬರುತ್ತದೆ. ಉತ್ತರ ಅಂದಿಗೂ ಇಂದಿಗೂ ಒಂದೇ. ಹಿಟ್ಟು ಕೊಡುತ್ತೇವೆ, ತೂಕ ನೋಡುತ್ತೇವೆ, ಲಸಿಕೆಗೆ ಕರೆಯುತ್ತೇವೆ. ಮಗುವನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ.

ಇದು ಕಾರ್ಯಕರ್ತೆಯ ಮೊಂಡುತನವಲ್ಲ, ಯೋಜನೆಯ ಕಟ್ಟಳೆಯೇ ಹಾಗೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ, ಮೊದಲ 33 ಯೋಜನೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದಾಗಿತ್ತು. ಆಗ ಎದುರಿಗಿದ್ದ ವೈರಿ ಅಪೌಷ್ಟಿಕತೆ. ತಾಯಿ ದುಡಿಯಲು ಹೋದರೆ ಮಗುವನ್ನು ನೋಡುವವರು ಯಾರು ಎಂದು ಅಂದು ಯಾರೂ ಕೇಳಲಿಲ್ಲ, ಮನೆಯಲ್ಲಿ ಅಜ್ಜಿ ಇದ್ದೇ ಇರುತ್ತಾಳೆ ಎಂದುಕೊಂಡಿರಬೇಕು. ಹೀಗಾಗಿ ಮೂರರಿಂದ ಆರು ವರ್ಷದ ಮಕ್ಕಳು ಅಂಗನವಾಡಿಯಲ್ಲಿ ಕೂರುತ್ತಾರೆ, ಆರು ತಿಂಗಳಿಂದ ಮೂರು ವರ್ಷದವರಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ಕೂರುವ ಮಕ್ಕಳಿಗೂ ವೇಳೆ ಬೆಳಿಗ್ಗೆ 9.30ರಿಂದ ಸಂಜೆ 4. ಗಾರ್ಮೆಂಟ್ಸ್ ತಾಯಿ ಎಂಟಕ್ಕೆಲ್ಲ ಟೆಂಪೊ ಹತ್ತಿರುತ್ತಾಳೆ, ಮನೆ ಮುಟ್ಟುವಾಗ ಆರೂವರೆ.

ಆ ಪೊಟ್ಟಣಕ್ಕೂ ಈಗ ಹೊಸ ತೊಡಕು. 2025ರ ಜುಲೈನಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖಚಹರೆ ತಾಳೆಯಾದರೆ ಮಾತ್ರ ಪೊಟ್ಟಣ. ಕಳ್ಳ ಹೆಸರುಗಳನ್ನು ತಡೆಯಲು ತಂದ ನಿಯಮ, ಉದ್ದೇಶವನ್ನು ದೂರುವುದಿಲ್ಲ. ಆದರೆ ಅಂಗನವಾಡಿ ತೆರೆದಿರುವ ಹೊತ್ತಿನಲ್ಲಿ ತಾಯಿಯ ಮುಖ ಹೊಲಿಗೆ ಯಂತ್ರದ ಮುಂದಿರುತ್ತದೆ.

ರಜೆಯ ಲೆಕ್ಕವನ್ನೂ ಒಮ್ಮೆ ನೋಡೋಣ. ಇಎಸ್‌ಐ ಇರುವ ಕೆಲಸಗಾರ್ತಿಗೆ ಮೊದಲ ಎರಡು ಹೆರಿಗೆಗೆ 26 ವಾರ ವೇತನಸಹಿತ ರಜೆ. ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮೊದಲೇ ಬಳಸಿಕೊಂಡಿದ್ದರೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಮಗುವನ್ನು ಬಿಟ್ಟು ಕಾರ್ಖಾನೆಗೆ ನಡೆಯಬೇಕು. ಅಲ್ಲಿಂದ ಮೂರು ವರ್ಷ ತುಂಬುವವರೆಗೆ ಆ ಮಗುವಿನ ಹೊಣೆ ಯಾರದು? ನಮ್ಮ ಕಡತಗಳಲ್ಲಿ ಹುಡುಕಿದರೆ ಸಿಗುವುದು ಹಿಟ್ಟು, ಸಹಾಯಧನ, ಲಸಿಕೆ. ಎತ್ತಿಕೊಳ್ಳುವ ಕೈ ಸಿಗುವುದು ಅಪರೂಪ.

ಕಾಯಿದೆಯಲ್ಲಿ ಆ ಕೈ ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆ, ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಬೇಕೆಂದಿತು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯಲ್ಲಿ ಈ ಸಂಖ್ಯೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ಎಂದಿತ್ತು. ಹೆಂಗಸರನ್ನು ಎಣಿಸಿ ಕೇಂದ್ರ ತೆರೆಯಬೇಕೆಂದ ಮೇಲೆ ಎಣಿಕೆಯನ್ನು ತಗ್ಗಿಸುವ ದಾರಿಗಳೂ ಹುಟ್ಟಿಕೊಂಡವು. ಹೊರವರ್ತುಲ ರಸ್ತೆಯ ಒಂದು ಕಟ್ಟಡದ ಸ್ಥಳದಲ್ಲಿ ಹಾಜರಿ ಪುಸ್ತಕ ಮೇಸ್ತ್ರಿಗೊಂದರಂತೆ ಹರಿದುಹೋಗಿತ್ತು. ಒಬ್ಬ ಮೇಸ್ತ್ರಿಯ ಪಟ್ಟಿಯಲ್ಲಿ ಹದಿನೆಂಟು ಹೆಂಗಸರು, ಇನ್ನೊಬ್ಬನದರಲ್ಲಿ ಇಪ್ಪತ್ತೆರಡು. ರಾಯಚೂರು, ಯಾದಗಿರಿಯಿಂದ ಬಂದ ಆ ತಾಯಂದಿರ ಮಕ್ಕಳು ಜಲ್ಲಿ ರಾಶಿಯ ಪಕ್ಕದಲ್ಲಿ ಸೀರೆಯ ಜೋಲಿಯೊಳಗೆ ಮಲಗಿದ್ದವು. ಪುಸ್ತಕದ ಪ್ರಕಾರ ಅಲ್ಲಿ ಕೇಂದ್ರ ಬೇಕಾಗಿರಲಿಲ್ಲ.

ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿ, ಐವತ್ತು ಮಂದಿ ಉದ್ಯೋಗಿಗಳಿದ್ದರೆ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಎಣಿಕೆ ಒಟ್ಟು ಕೆಲಸಗಾರರದೇ, ಹೆಂಗಸರದಷ್ಟೇ ಅಲ್ಲ. ಮಗುವಿಗೆ ಅಪ್ಪನೂ ಇರುತ್ತಾನೆ ಎಂಬುದು ಕಾನೂನಿಗೆ ಕೊನೆಗೂ ಹೊಳೆಯಿತು. ಕೆಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರ ನಡೆಸಲೂ ಅವುಗಳಲ್ಲೊಂದಾದ ಸಾಮಾಜಿಕ ಭದ್ರತಾ ಸಂಹಿತೆ ಒಪ್ಪುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಮನಸ್ಸು ಮಾಡಿದರೆ ಇದೊಂದೇ ವಾಕ್ಯದಿಂದ ಬಹಳ ಆಗುತ್ತದೆ.

ಆದರೆ ಕಾರ್ಖಾನೆಯೊಳಗೆ ಕೇಂದ್ರವಿದ್ದೂ ಖಾಲಿ ಬಿದ್ದಿದ್ದನ್ನು ನಾನು ಕಂಡಿದ್ದೇನೆ. ತೊಟ್ಟಿಲು, ಗೋಡೆ ತುಂಬ ಬಣ್ಣದ ಆನೆ, ಒಬ್ಬ ಆಯಾ, ಮೂರೇ ಮಕ್ಕಳು. ತಾಯಂದಿರನ್ನು ಕೇಳಿದರೆ, "ನಿಂತುಕೊಳ್ಳಲು ಜಾಗವಿಲ್ಲದ ಟೆಂಪೊದಲ್ಲಿ ಕೂಸನ್ನು ಹೇಗೆ ತರುವುದು ಮೇಡಂ?" ಎಂದರು. ಕೇಂದ್ರ ಇರಬೇಕಾದ್ದು ಮನೆಯ ಹತ್ತಿರ.

ಮನೆಯ ಹತ್ತಿರದ ಕೇಂದ್ರಕ್ಕಾಗಿಯೇ ಇರುವುದು ಕೇಂದ್ರ ಸರ್ಕಾರದ ಪಾಲ್ನಾ ಯೋಜನೆ. 2006ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಬಂದು, ನಡುವೆ ರಾಷ್ಟ್ರೀಯ ಕ್ರೆಷ್ ಯೋಜನೆ ಎನಿಸಿಕೊಂಡು, 2022ರಿಂದ ಮಿಷನ್ ಶಕ್ತಿಯೊಳಗೆ ಈ ಹೆಸರು ಪಡೆದಿದೆ. ಅಂಗನವಾಡಿಗೆ ಹೊಂದಿಕೊಂಡೇ ಶಿಶುಪಾಲನಾ ಕೇಂದ್ರ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಊಟ, ನಿದ್ದೆ, ಆಟ, ಆರೋಗ್ಯ ತಪಾಸಣೆ. ತಾಯಿಗೆ ಯಾವ ಕೆಲಸ ಎಂದು ಕೇಳಿ ಬಾಗಿಲು ಮುಚ್ಚುವಂತಿಲ್ಲ. ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನನ್ನ ತಕರಾರು ಈ ಏಳೂವರೆ ಗಂಟೆಯ ಬಗ್ಗೆ. ಕಾರ್ಖಾನೆಯ ಪಾಳಿಯೇ ಎಂಟು ಗಂಟೆ, ಮೇಲೆ ಊಟದ ಅರ್ಧ ಗಂಟೆ, ಹೋಗಿಬರಲು ಎರಡು ಗಂಟೆ. ಪಾಳಿಗಿಂತ ಮೊದಲೇ ಮುಚ್ಚುವ ಕೇಂದ್ರವನ್ನು ದುಡಿಯುವ ತಾಯಿಗೆಂದು ಹೇಗೆ ಕರೆಯುವುದು? ಹೊತ್ತನ್ನು ಆ ಜಾಗದ ತಾಯಂದಿರ ಕೆಲಸಕ್ಕೆ ಹೊಂದಿಸಿಕೊಳ್ಳಲು ಯೋಜನೆಯಲ್ಲೇ ಅವಕಾಶವಿದೆ. ಕೇಳಿದರೆ ಹೊಂದಿಸುತ್ತಾರೆ. ಕೇಳುವ ತಾಯಿ ಆ ಹೊತ್ತಿಗೆ ಕೆಲಸದಲ್ಲಿರುತ್ತಾಳೆ ಎಂಬುದು ಬೇರೆ ಮಾತು.

ಹೊತ್ತು ಹೆಚ್ಚಿಸಿ ಎಂದ ಕೂಡಲೇ ದುಡಿಯುವವಳು ಇನ್ನೊಬ್ಬ ಹೆಂಗಸು ಎಂಬುದನ್ನು ಮರೆಯಬಾರದು. ಅಂಗನವಾಡಿಗೆ ಸೇರಿದ ಪಾಲ್ನಾ ಕೇಂದ್ರದ ಕಾರ್ಯಕರ್ತೆಗೆ ಯೋಜನೆ ನಿಗದಿಪಡಿಸಿದ್ದು ತಿಂಗಳಿಗೆ 5,500 ರೂಪಾಯಿ, ಸಹಾಯಕಿಗೆ 3,000. ಮೂರು ಸಾವಿರವನ್ನು 26ರಿಂದ ಭಾಗಿಸಿ ನೋಡಿ, ದಿನಕ್ಕೆ 115 ರೂಪಾಯಿ. ಅದನ್ನು ಸಂಬಳ ಎನ್ನಲು ಸರ್ಕಾರಕ್ಕೇ ಸಂಕೋಚ, ಆದ್ದರಿಂದ ಗೌರವಧನ ಎನ್ನುತ್ತದೆ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಒಮ್ಮೆ ಒಬ್ಬ ಸಹಾಯಕಿಯನ್ನು ತಡವಾಗಿ ಬಂದಿದ್ದಕ್ಕೆ ಗದರಿದ್ದೆ. "ನನ್ನ ಮಗುವನ್ನು ನೋಡಿಕೊಳ್ಳುವ ಅತ್ತೆಗೆ ಜ್ವರ ಮೇಡಂ" ಎಂದಳು. ಆ ದಿನದ ಭೇಟಿ ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಇನ್ನು ಯಾವ ಯೋಜನೆಯ ಕಣ್ಣಿಗೂ ಬೀಳದವಳು ವಠಾರದ ಪಕ್ಕದ ಮನೆಯವಳು. ನಾಲ್ಕೈದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಆಡಿಸಿ, ಉಣಿಸಿ, ತಲಾ ಒಂದೂವರೆ ಎರಡು ಸಾವಿರ ಪಡೆಯುತ್ತಾಳೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನವೇ ನೇರವಾಗಿ ಅವಳ ಕೈಗೆ ದಾಟಿಸುವ ಮನೆಗಳನ್ನು ನಾನು ಬಲ್ಲೆ. ಅಂದರೆ ಈ ಊರಿನ ಬಡವರ ಶಿಶುಪಾಲನೆಗೆ ಸರ್ಕಾರ ಹಿಂಬಾಗಿಲಿನಿಂದ ಹಣ ಕೊಡುತ್ತಲೇ ಇದೆ. ಅವಳಿಗೆ ಒಂದು ವಾರದ ತರಬೇತಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳ ಪಾಲಿನ ಹಾಲು ಮೊಟ್ಟೆ ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬಾರದೇ? ಇಲಾಖೆಯ ಸಭೆಯಲ್ಲಿ ಇದನ್ನು ಹೇಳಿದಾಗ "ಕೋಣೆಯ ಅಳತೆ ನಿಯಮಕ್ಕೆ ಬರುವುದಿಲ್ಲ" ಎಂಬ ಉತ್ತರ ಬಂತು. ನಮ್ಮ ಎಷ್ಟು ಅಂಗನವಾಡಿಗಳ ಬಾಡಿಗೆ ಕೋಣೆ ಆ ಅಳತೆಗೆ ಬರುತ್ತಿತ್ತು ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು.

ಹಳ್ಳಿಗಳಲ್ಲಿ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ ಪಂಚಾಯಿತಿಗಳು 'ಕೂಸಿನ ಮನೆ' ತೆರೆದವು. ಹೆಸರೂ ಚೆಂದ, ಯೋಚನೆಯೂ ಸರಿ. ಬೆಂಗಳೂರಿನ ಪೌರಕಾರ್ಮಿಕಳಿಗೆ, ಮನೆಗೆಲಸದವಳಿಗೆ ಅಂಥದ್ದೊಂದಿಲ್ಲ.

ಸಿಗುವ ಹಣವನ್ನಾದರೂ ಬಿಡಬೇಡಿ. ಪ್ರಧಾನಮಂತ್ರಿ ಮಾತೃವಂದನಾದಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ದುಡಿದ ದಾಖಲೆಯೊಂದಿಗೆ ಲೇಬರ್ ಕಾರ್ಡ್ ಮಾಡಿಸಿಕೊಂಡಿದ್ದರೆ, ಕಲ್ಯಾಣ ಮಂಡಳಿಯ 'ತಾಯಿ ಮಗು ಸಹಾಯ ಹಸ್ತ'ದಡಿ ಮಗುವಿಗೆ ಮೂರು ತುಂಬುವವರೆಗೆ ವರ್ಷಕ್ಕೆ 6,000 ರೂಪಾಯಿ ಉಂಟು. ಕಾರ್ಡ್ ಗಂಡನ ಹೆಸರಿನಲ್ಲಿ ಮಾತ್ರ ಇರುವ ಮನೆಗಳೇ ಹೆಚ್ಚು. ಹೆಂಡತಿಯೂ ಇಟ್ಟಿಗೆ ಹೊರುತ್ತಿದ್ದರೆ ಅವಳದೇ ಕಾರ್ಡ್ ಇರಲಿ, ಈ ಸಹಾಯ ನೋಂದಾಯಿತ ಮಹಿಳೆಗೆ ಮಾತ್ರ.

ನಿಮ್ಮ ಬಡಾವಣೆಯಲ್ಲಿ ಅಂಗನವಾಡಿಯೇ ಇಲ್ಲದಿದ್ದರೆ 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ಆದೇಶವನ್ನು ನೆನಪಿಡಿ. ಆರು ವರ್ಷದೊಳಗಿನ 40 ಮಕ್ಕಳಿರುವ ಕೊಳೆಗೇರಿಯೋ ಹಳ್ಳಿಯೋ ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು. ಮಕ್ಕಳ ಹೆಸರು, ವಯಸ್ಸು, ತಾಯಿಯ ಹೆಸರಿನ ಪಟ್ಟಿ ಮಾಡಿ. ಶೆಡ್‌ಗಳಲ್ಲಿರುವ ವಲಸೆ ಕುಟುಂಬಗಳ ಮಕ್ಕಳನ್ನೂ ಬಿಡದೆ ಸೇರಿಸಿ. ಅರ್ಜಿಯಲ್ಲೇ ಪಾಲ್ನಾ ಕೇಂದ್ರವೂ ಬೇಕೆಂದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬೇಕೆಂದು ಬರೆಯಿರಿ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಿ. ಮೂರು ತಿಂಗಳ ಎಣಿಕೆ ಶುರುವಾಗುವುದು ಆ ದಿನಾಂಕದಿಂದ.