ಕಟಿಂಗ್ ಟೇಬಲ್ ಒಳಗೆ, ಹೊಲಿಗೆ ಹೊರಗೆ

ಗಾರ್ಮೆಂಟ್ಸ್‌ನಲ್ಲಿ ಕಾಸ್ಟಿಂಗ್, ಅಂದರೆ ಒಂದು ಉಡುಪಿಗೆ ತಗಲುವ ಖರ್ಚಿನ ಲೆಕ್ಕ, ಮಾಡುವವರಿಗೆಲ್ಲ ಗೊತ್ತು, ಶರ್ಟಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದು. ಲೇ ಹಾಸಿ (ಬಟ್ಟೆಯನ್ನು ಪದರದ ಮೇಲೆ ಪದರ ಹರಡಿ) ಕತ್ತರಿಸುವಾಗ ಬೆರಳಗಲ ತಪ್ಪಿದರೂ ಅಷ್ಟೂ ಪದರ ವೇಸ್ಟು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಸಬಹುದು. 19ನೇ ಶತಮಾನದ ನ್ಯೂಯಾರ್ಕ್‌ನಲ್ಲಿ ರೆಡಿಮೇಡ್ ಉಡುಪಿನ ವ್ಯಾಪಾರ ಬೆಳೆದ ಬಗೆ ನನಗೆ ಅರ್ಥವಾಗುವುದು ಈ ಲೆಕ್ಕದಿಂದಲೇ.

ಮ್ಯಾಸಚೂಸೆಟ್ಸ್‌ನ ಲೊವೆಲ್‌ನಲ್ಲಿ 1820ರ ದಶಕದಲ್ಲೇ ಬಟ್ಟೆ ಗಿರಣಿಗಳು ಎದ್ದವು. ಮೆರಿಮ್ಯಾಕ್ ನದಿಯ ನೀರಿನಿಂದ ಮಗ್ಗ ಓಡುತ್ತಿದ್ದುದರಿಂದ ಕೆಲಸಗಾರರು ಗಿರಣಿಗೇ ಬರಬೇಕಿತ್ತು. ನ್ಯೂಯಾರ್ಕ್‌ನಲ್ಲಿ ಅಂಥ ಅನುಕೂಲವಿಲ್ಲ, ಜಾಗವೂ ದುಬಾರಿ. ಆದರೆ ಬಂದರಿತ್ತು, 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಒಳನಾಡಿನ ಗಿರಾಕಿಯಿದ್ದ, ಹಡಗಿನಿಂದಿಳಿಯುವ ವಲಸಿಗರಿದ್ದರು. ಸೂಜಿಗೆ ಹೊಳೆ ಯಾಕೆ ಬೇಕು? ಮಾಲೀಕ ಕಟಿಂಗ್ ಟೇಬಲ್ಲನ್ನೂ ನುರಿತ ಕಟರ್‌ಗಳನ್ನೂ ತನ್ನ ಸೂರಿನಡಿ ಇಟ್ಟುಕೊಂಡು, ಕತ್ತರಿಸಿದ ಬಂಡಲ್‌ಗಳನ್ನು ಮನೆಯಲ್ಲಿ ಕೂತು ಹೊಲಿಯುವ ಹೆಂಗಸರಿಗೆ ಕೊಟ್ಟ. ಬಾಡಿಗೆ, ದೀಪ, ಸೌದೆ ಎಲ್ಲ ಅವರ ತಲೆಗೆ. ಬಂಡಲ್ ಒಯ್ಯಲು ಎಷ್ಟೋ ಕಡೆ ಠೇವಣಿ ಇಡಬೇಕಿತ್ತು. ವಾಪಸ್ ತಂದಾಗ ಹೊಲಿಗೆ ಸರಿಯಿಲ್ಲವೆಂದು ಕೂಲಿ ಮುರಿದುಕೊಳ್ಳುವುದೂ ಇತ್ತು.

1846ರಲ್ಲಿ ಎಲಿಯಾಸ್ ಹೋವ್ ಲಾಕ್‌ಸ್ಟಿಚ್ (ಎರಡು ದಾರ ಹೆಣೆದು ಹೊಲಿಯುವ) ಹೊಲಿಗೆ ಮಿಷಿನ್‌ಗೆ ಪೇಟೆಂಟ್ ಪಡೆದ, 1851ರಲ್ಲಿ ಐಸಾಕ್ ಸಿಂಗರ್ ತನ್ನದಕ್ಕೆ. ಕೈಹೊಲಿಗೆಯಲ್ಲಿ ಸುಮಾರು 14 ಗಂಟೆ ಹಿಡಿಯುವ ಶರ್ಟು ಮಿಷಿನ್‌ನಲ್ಲಿ ಒಂದೂಕಾಲು ಗಂಟೆಗೆ ಮುಗಿಯುತ್ತದೆ ಅನ್ನುವುದು ಆಗ ಮಿಷಿನ್ ಕಂಪನಿಯವರು ಕೊಟ್ಟ ಲೆಕ್ಕ (ಮಾರುವವರ ಲೆಕ್ಕ, ಸ್ವಲ್ಪ ಉಬ್ಬಿಸಿದ್ದರೂ ಆಶ್ಚರ್ಯವಿಲ್ಲ). ಪೀಸ್ ರೇಟ್ (ಹೊಲಿದ ಪೀಸಿಗೆ ಇಷ್ಟು ಎಂಬ ಕೂಲಿಯ) ಕೆಲಸದಲ್ಲಿ ಕೈ ಚುರುಕಾದಷ್ಟೂ ರೇಟು ಇಳಿಯುತ್ತದೆ. ಇಲ್ಲಿ ಮಿಷಿನ್‌ನ ಬಾಡಿಗೆಯನ್ನೋ ಕಂತನ್ನೋ ಕಟ್ಟುವವಳೂ ಬಹಳ ಸಲ ಹೊಲಿಯುವವಳೇ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಸೇನೆಗೆ ಲಕ್ಷಗಟ್ಟಲೆ ಸಮವಸ್ತ್ರ ಬೇಕಾದಾಗ ನಡುವೆ ಗುತ್ತಿಗೆದಾರರು ಸೇರಿಕೊಂಡರು. ಒಹಾಯೋ ರಾಜ್ಯದ ಸಿನ್ಸಿನಾಟಿಯ ಹೊಲಿಗೆ ಹೆಂಗಸರು 1865ರ ಫೆಬ್ರವರಿಯಲ್ಲಿ ಅಧ್ಯಕ್ಷ ಲಿಂಕನ್‌ಗೆ ಬರೆದ ಅರ್ಜಿಯಲ್ಲಿ ಇದರ ಲೆಕ್ಕವಿದೆ. ಒಂದು ಡಜನ್ ಉಣ್ಣೆ ಶರ್ಟಿನ ಹೊಲಿಗೆಗೆ ಗುತ್ತಿಗೆದಾರನಿಗೆ ಸಿಗುವುದು 1.75 ಡಾಲರ್, ಅವನು ಅವರಿಗೆ ಕೊಡುವುದು 1 ಡಾಲರ್. ಸೂಜಿ ಮುಟ್ಟದವನಿಗೆ ಡಜನ್‌ಗೆ 75 ಸೆಂಟ್! ಆ ಹೆಂಗಸರು ರೇಟು ಏರಿಸಿ ಎಂದಷ್ಟೇ ಗೋಗರೆಯಲಿಲ್ಲ. ಕೆಲಸವನ್ನು ನೇರವಾಗಿ ನಮಗೇ ಕೊಡಿ, ಮಾಲು ಸರಿಯಾಗಿ, ಹೇಳಿದ ಹೊತ್ತಿಗೆ ಒಪ್ಪಿಸುತ್ತೇವೆ, ಅದಕ್ಕೆ ಬೇಕಾದ ಜಾಮೀನೂ ನಮ್ಮದೇ ಎಂದು ಕೇಳಿದರು. ಕಾಸ್ಟಿಂಗ್ ಶೀಟಿನಲ್ಲಿ ಕೈಹಾಕಬೇಕಾದ ಸಾಲು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.