ಗಾಂಜಾ: ‘ತಾತ್ಕಾಲಿಕ’ವೆಂದು ಹಾಕಿದ ಬೀಗ

1937ರ ಮೇ 4ರಂದು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಡಾ. ವಿಲಿಯಂ ವುಡ್‌ವರ್ಡ್ ಸಾಕ್ಷ್ಯ ಹೇಳಲು ಬಂದರು. ಅವರು ದೇಶದ ವೈದ್ಯರ ಸಂಘದ ಪ್ರತಿನಿಧಿ. ಗಾಂಜಾದ ಮೇಲೆ ತೆರಿಗೆ ಹೇರುವ ಮಸೂದೆಯನ್ನು ಅವರು ನೇರವಾಗಿಯೇ ವಿರೋಧಿಸಿದರು. ಅವರ ತಕರಾರು ಸರಳವಾಗಿತ್ತು. ಗಾಂಜಾದಿಂದ ಅಪರಾಧ ಹೆಚ್ಚಿದೆ ಎನ್ನುತ್ತೀರಿ, ಸೆರೆಮನೆ ಇಲಾಖೆಯವರನ್ನು ಕರೆದು ಕೇಳಿಲ್ಲ. ಮಕ್ಕಳು ಹಾಳಾಗುತ್ತಿದ್ದಾರೆ ಎನ್ನುತ್ತೀರಿ, ಮಕ್ಕಳ ಇಲಾಖೆಯಿಂದ ಒಂದು ಸಾಕ್ಷ್ಯವೂ ಇಲ್ಲ. ಮುಂದೆ ಮಸೂದೆ ಸದನಕ್ಕೆ ಬಂದಾಗ, ವೈದ್ಯರ ಸಂಘ ಇದಕ್ಕೆ ಒಪ್ಪಿದೆಯೇ ಎಂದು ಸದಸ್ಯರೊಬ್ಬರು ಕೇಳಿದರು. ಪೂರ್ಣ ಬೆಂಬಲವಿದೆ ಎಂಬ ಉತ್ತರ ಸಮಿತಿಯ ಕಡೆಯಿಂದಲೇ ಬಂತು. ಅದು ಹಸಿ ಸುಳ್ಳು.

ಮಸೂದೆ ಪಾಸಾಯಿತು. ಹೆಸರಿಗೆ ಅದು ತೆರಿಗೆ ಕಾಯ್ದೆ: ನೋಂದಾಯಿಸಿಕೊಂಡವರಿಗೆ ಮಾರಿದರೆ ಔನ್ಸಿಗೆ 1 ಡಾಲರ್, ಇಲ್ಲದವರಿಗೆ ಮಾರಿದರೆ 100 ಡಾಲರ್. ಪರಿಣಾಮದಲ್ಲಿ ಅದು ನಿಷೇಧವೇ. ಇದರ ಹಿಂದೆ ನಿಂತಿದ್ದವರು ಮಾದಕ ವಸ್ತು ನಿಯಂತ್ರಣ ವಿಭಾಗದ ಮುಖ್ಯಸ್ಥ ಹ್ಯಾರಿ ಆನ್‌ಸ್ಲಿಂಗರ್. ಗಾಂಜಾ ಸೇದಿದವರು ಕೊಲೆಗಡುಕರಾಗುತ್ತಾರೆ ಎಂಬ ಕಥೆಗಳನ್ನು ಊರೂರಿಗೆ ಹಬ್ಬಿಸಿದ ಅಧಿಕಾರಿ. ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ನೇಮಿಸಿದ ತಜ್ಞರ ಸಮಿತಿ 1944ರಲ್ಲಿ ಆ ಕಥೆಗಳಿಗೆ ಆಧಾರವಿಲ್ಲವೆಂದು ವರದಿ ಕೊಟ್ಟಿತು. ಆನ್‌ಸ್ಲಿಂಗರ್ ಅದನ್ನು ತಳ್ಳಿಹಾಕಿದರು. 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾವನ್ನು ಹೆರಾಯಿನ್ ಇದ್ದ ಅತಿ ಕಠಿಣ ಪಟ್ಟಿಗೆ ಸೇರಿಸಿತು. ಒಂದು ದೇಶದ ಭಯ ಹೀಗೆ ಹಲವು ದೇಶಗಳ ಕಾನೂನಾಯಿತು.

ನನಗೆ ಈ ಇತಿಹಾಸದ ತಿರುಳು ಕಾಣುವುದು 1970ರಲ್ಲಿ. ಹಿಂದಿನ ವರ್ಷವಷ್ಟೇ ಅಮೆರಿಕದ ಸುಪ್ರೀಂ ಕೋರ್ಟ್ ಹಳೆಯ ತೆರಿಗೆ ಕಾಯ್ದೆಯ ಬುಡ ಅಲುಗಿಸಿತ್ತು. ಹೊಸ ಕಾನೂನು ಬರೆಯುವಾಗ ಗಾಂಜಾವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಎದ್ದಿತು. ಆರೋಗ್ಯ ಇಲಾಖೆಯ ಡಾ. ರೋಜರ್ ಎಗೆಬರ್ಗ್ ಪತ್ರ ಬರೆದು, ಅಧ್ಯಯನಗಳು ಮುಗಿಯುವವರೆಗೆ ಒಂದನೇ ಪಟ್ಟಿಯಲ್ಲಿ ಇರಲಿ ಎಂದರು. ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಪಟ್ಟಿ ಅದು. ಅಧ್ಯಯನಕ್ಕೆ ಆಯೋಗವೂ ರಚನೆಯಾಯಿತು. ಆಯೋಗದ ಅಧ್ಯಕ್ಷರು ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ರೇಮಂಡ್ ಶೇಫರ್. ಸ್ವಂತ ಬಳಕೆಗೆ ಇಟ್ಟುಕೊಳ್ಳುವುದನ್ನು ಅಪರಾಧವೆಂದು ಪರಿಗಣಿಸಬಾರದು ಎಂದು 1972ರಲ್ಲಿ ಆಯೋಗ ಶಿಫಾರಸು ಮಾಡಿತು. ದೇಶದ ಅಧ್ಯಕ್ಷ ನಿಕ್ಸನ್ ಒಪ್ಪಲಿಲ್ಲ. ಅಧ್ಯಯನ ಮುಗಿಯಿತು, ಬೀಗ ಮಾತ್ರ ಹಾಗೆಯೇ ಉಳಿಯಿತು.

ಆ ಬೀಗ ಸಂಶೋಧಕರ ಕೈಯನ್ನೂ ಕಟ್ಟಿತು. 1968ರಿಂದ 2021ರವರೆಗೆ ಅಮೆರಿಕದಲ್ಲಿ ಸಂಶೋಧನೆಗೆಂದು ಗಾಂಜಾ ಬೆಳೆಯಲು ಫೆಡರಲ್ ಪರವಾನಗಿ ಇದ್ದದ್ದು ಮಿಸಿಸಿಪಿ ವಿಶ್ವವಿದ್ಯಾಲಯವೊಂದಕ್ಕೇ. ಉಪಯೋಗವಿದೆ ಎನ್ನಲು ಪುರಾವೆ ತನ್ನಿ ಎನ್ನುವುದು, ಪುರಾವೆ ಹುಡುಕಲು ಹೊರಟರೆ ಬಾಗಿಲು ಮುಚ್ಚುವುದು: ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಕೊನೆಗೆ ಅಮೆರಿಕದಲ್ಲಿ ಬದಲಾವಣೆ ಬಂದದ್ದು ಮತಪೆಟ್ಟಿಗೆಯಿಂದ. ಕ್ಯಾಲಿಫೋರ್ನಿಯಾ 1996ರಲ್ಲಿ ರೋಗಿಗಳಿಗೆ ಅವಕಾಶ ಕೊಟ್ಟಿತು. 2012ರಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ವಯಸ್ಕರೆಲ್ಲರಿಗೂ ಮುಕ್ತಗೊಳಿಸಿದರು. ಸಂಸತ್ತಿನ ಕಾಯ್ದೆಯ ಮೂಲಕ ಇದೇ ದಾರಿ ಹಿಡಿದದ್ದು ಮರುವರ್ಷ ಉರುಗ್ವೆ, 2018ರಲ್ಲಿ ಕೆನಡಾ, 2024ರಲ್ಲಿ ಜರ್ಮನಿ. 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಗಾಂಜಾವನ್ನು ತೆಗೆಯಲು 2020ರಲ್ಲಿ ವಿಶ್ವಸಂಸ್ಥೆಯ ಆಯೋಗ 27–25 ಮತಗಳಿಂದ ತೀರ್ಮಾನಿಸಿತು.

ಆದರೆ ಅಂಗಡಿಯ ಬಾಗಿಲು ತೆರೆದ ವೇಗ ನನ್ನನ್ನು ಕಳವಳಕ್ಕೆ ದೂಡುತ್ತದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಪ್ರಮಾಣ 1995ರಲ್ಲಿ ಸುಮಾರು ಶೇ 4 ಇತ್ತು, 2014ರ ಹೊತ್ತಿಗೆ ಶೇ 12ರ ಆಸುಪಾಸಿಗೆ ಏರಿತ್ತು. ಈಗ ಕಪಾಟುಗಳಲ್ಲಿರುವ ಸಾಂದ್ರೀಕೃತ ಉತ್ಪನ್ನಗಳಲ್ಲಿ ಶೇ 60 ದಾಟಿದವೂ ಇವೆ. ಎಳೆಯರ ಮಿದುಳಿನ ಮೇಲೆ, ಮನೋರೋಗದ ಅಪಾಯ ಇರುವವರ ಮೇಲೆ ಇದರ ಪರಿಣಾಮವೇನು ಎಂದು ಕೇಳಿದರೆ, ಬಹಳಷ್ಟು ಹಳೆಯ ಪ್ರಯೋಗಗಳು ನಡೆದದ್ದು ಮಿಸಿಸಿಪಿಯ ಆ ತೋಟದಲ್ಲಿ ಬೆಳೆದ, ಇದಕ್ಕಿಂತ ಎಷ್ಟೋ ಸೌಮ್ಯವಾದ ಸೊಪ್ಪಿನ ಮೇಲೆ.