ಪೆಟ್ಟು ಒಬ್ಬರದು, ಸದ್ದು ಇನ್ನೊಂದರದು: ಡ್ರಮ್ಸ್ ಮಿಡಿಯಾದ ಕತೆ

ರೆಕಾರ್ಡ್ ಆದ ಸ್ನೇರ್ (ಡ್ರಮ್ ಕಿಟ್ಟಿನ ಚುರುಕು ಸದ್ದಿನ ಚಪ್ಪಟೆ ಡ್ರಮ್) ಟ್ರ್ಯಾಕ್ ಒಂದನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿ. ಎರಡನೇ ಮತ್ತು ನಾಲ್ಕನೇ ಬೀಟಿಗೆ ಎತ್ತರದ ಗೆರೆಗಳು ಎದ್ದು ನಿಂತಿರುತ್ತವೆ. ಅವು ಜೋರು ಪೆಟ್ಟುಗಳು, ಯಾರಿಗಾದರೂ ಗೊತ್ತಾಗುತ್ತದೆ. ಅವುಗಳ ನಡುವೆ ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಅದರಲ್ಲಿ ಕೆಲವು ಡ್ರಮ್ಮರ್ ಮೆಲ್ಲಗೆ ತಟ್ಟಿದ ಗೋಸ್ಟ್ ನೋಟ್‌ಗಳು. ಉಳಿದವು ಪಕ್ಕದ ಹೈ-ಹ್ಯಾಟ್ (ಪೆಡಲ್ ಒತ್ತಿ ತೆರೆದು ಮುಚ್ಚುವ ಜೋಡಿ ತಟ್ಟೆ) ಸದ್ದು ಸ್ನೇರ್ ಮೈಕಿಗೆ ನುಗ್ಗಿದ್ದು. ಯಾವುದು ಏನು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಗೋಸ್ಟ್ ನೋಟಿಗಿಂತ ಹೈ-ಹ್ಯಾಟಿನ ಉಬ್ಬೇ ದೊಡ್ಡದಿರುತ್ತದೆ.

ಡ್ರಮ್ಸನ್ನು ಮಿಡಿಗೆ, ಅಂದರೆ ಸದ್ದಿನ ಬದಲು ನುಡಿಸುವ ಸೂಚನೆಯನ್ನಷ್ಟೇ ಬರೆದಿಡುವ ಡಿಜಿಟಲ್ ಭಾಷೆಗೆ, ಬದಲಾಯಿಸುವ ಕಷ್ಟವೆಲ್ಲ ಈ ಚಿತ್ರದಲ್ಲೇ ಇದೆ. ಈಗ ಮೆನುವಿನಲ್ಲಿ ಒಂದು ಸಾಲು ಒತ್ತಿದರೆ ಸಾಕು, ಸಾಫ್ಟ್‌ವೇರ್ ಆ ಟ್ರ್ಯಾಕನ್ನು ಕೇಳಿ ಪ್ರತಿ ಪೆಟ್ಟಿಗೂ ಒಂದು ನೋಟ್ ಬರೆದುಕೊಡುತ್ತದೆ. ಆ ನೋಟ್ ಬೇರೊಂದು ಡ್ರಮ್ಮಿನ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದು) ನುಡಿಸುತ್ತದೆ. ಇಲ್ಲಿಗೆ ಬರೋಕೆ ದಶಕಗಳೇ ಹಿಡಿದವು. ಅಷ್ಟೂ ವರ್ಷ ಕಾಡಿದ ಪ್ರಶ್ನೆ ಒಂದೇ: ಒಂದು ಪೆಟ್ಟಿನಲ್ಲಿರುವುದನ್ನು ಎಷ್ಟು ಬರೆದಿಡಬಹುದು?

ಬದಲಾಯಿಸೋದು ಯಾಕೆ ಅಂತ ಮೊದಲು ನೋಡೋಣ. ಹಾಡುವವರು ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಬಹುದು. ಡ್ರಮ್ಸ್ ಹಾಗಲ್ಲ. ಎಂಟು-ಹತ್ತು ಮೈಕ್, ಒಂದೇ ಕೋಣೆ, ಎಲ್ಲ ಮೈಕಿನಲ್ಲೂ ಎಲ್ಲ ಸದ್ದು. ಮಿಕ್ಸ್ ಮಾಡಲು ಕೂರುವ ಹೊತ್ತಿಗೆ ಕಿಟ್ ಬಿಚ್ಚಿ ಆಗಿರುತ್ತದೆ. ಸ್ನೇರ್ ಸಡಿಲವಾಗಿ ಕೇಳಿಸಿತು, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನಲ್ಲಿ, ಅಂದರೆ ಕಿಕ್‌ನಲ್ಲಿ, ತೂಕವಿಲ್ಲ ಅಂತ ಗೊತ್ತಾಗುವುದು ಆವಾಗಲೇ. ಬಾರಿಸಿದ್ದು ಚೆನ್ನಾಗಿದೆ, ಸದ್ದು ಮಾತ್ರ ಚೆನ್ನಾಗಿಲ್ಲ. ಬಾರಿಸಿದ್ದನ್ನು ಉಳಿಸಿಕೊಂಡು ಸದ್ದನ್ನಷ್ಟೇ ಬದಲಿಸುವ ಆಸೆ ಹುಟ್ಟಿದ್ದು ಅಲ್ಲಿಂದ.

1980ರ ಸುಮಾರಿಗೆ ಎರಡು ಮುಖ್ಯ ಘಟನೆಗಳು ನಡೆದವು. ಅಮೆರಿಕದ ಸ್ಟೀಲಿ ಡ್ಯಾನ್ ತಂಡದ ಎಂಜಿನಿಯರ್ ರೋಜರ್ ನಿಕೋಲ್ಸ್, 1980ರಲ್ಲಿ ಹೊರಬಂದ 'ಗಾಚೋ' ಆಲ್ಬಮ್ಮಿಗಾಗಿ ವೆಂಡೆಲ್ ಎಂಬ ಕಂಪ್ಯೂಟರ್ ಕಟ್ಟಿದರು. ನಿಜವಾದ ಡ್ರಮ್ಮರ್ ಬಾರಿಸಿದ ಸದ್ದನ್ನು ಡಿಜಿಟಲ್ ಆಗಿ ಹಿಡಿದು, ಬೇಕಾದ ಕ್ಷಣಕ್ಕೆ ಕೂರಿಸುವ ಯಂತ್ರ ಅದು. ಅದೇ ವರ್ಷ ರೋಜರ್ ಲಿನ್ ಅವರ ಎಲ್‌ಎಂ-1 ಬಂತು. ನಿಜವಾದ ಡ್ರಮ್ಸಿನ ಸ್ಯಾಂಪಲ್‌ಗಳಿಂದ ನುಡಿಯುವ, ಪ್ರೋಗ್ರಾಮ್ ಮಾಡಬಹುದಾದ ಮೊದಲ ಡ್ರಮ್ ಮಷೀನ್. ಅದರಲ್ಲಿ ಕ್ರ್ಯಾಶ್, ರೈಡ್ ಎಂಬ ಸಿಂಬಲ್‌ಗಳು (ಲೋಹದ ದೊಡ್ಡ ತಟ್ಟೆಗಳು) ಇರಲಿಲ್ಲ. ಸಿಂಬಲ್ಲಿನ ಸದ್ದು ಸೆಕೆಂಡುಗಟ್ಟಲೆ ಎಳೆಯುತ್ತದೆ, ಆಗ ಮೆಮೊರಿ ತುಂಬಾ ದುಬಾರಿ. ಇದನ್ನು ನೆನಪಿಟ್ಟುಕೊಳ್ಳಿ. ಸಿಂಬಲ್‌ಗಳ ತಂಟೆ ಇಂದಿಗೂ ಮುಗಿದಿಲ್ಲ.

ಟೇಪಿನಲ್ಲಿ ಆಗಲೇ ಇದ್ದ ಸ್ನೇರನ್ನು ಬದಲಾಯಿಸಲು ಸ್ಟುಡಿಯೋದವರು ಇನ್ನೊಂದು ದಾರಿ ಕಂಡುಕೊಂಡರು. ಬ್ರಿಟನ್ನಿನ ಎಎಂಎಸ್ ಕಂಪನಿಯ ಡಿಎಂಎಕ್ಸ್ 15-80ಎಸ್ ಎಂಬ ಡಿಜಿಟಲ್ ಡಿಲೇ (ಸದ್ದನ್ನು ತಡಮಾಡಿ ಮರಳಿ ಕೇಳಿಸುವ ಯಂತ್ರ), ಒಂದು ಸದ್ದಿನ ತುಣುಕನ್ನು ಹಿಡಿದಿಟ್ಟುಕೊಳ್ಳಬಲ್ಲದಾಗಿತ್ತು. ಟೇಪಿನ ಸ್ನೇರ್ ಪೆಟ್ಟು ಒಳಗೆ ಹೋದ ಕೂಡಲೇ ಆ ತುಣುಕು ಹೊರಬರುತ್ತಿತ್ತು. ಯಂತ್ರ ಪೆಟ್ಟನ್ನು ಗುರುತಿಸುವಷ್ಟರಲ್ಲಿ ಒಂದಿಷ್ಟು ತಡವಾಗುತ್ತದೆ ಅಲ್ವಾ? ಅದಕ್ಕೂ ಉಪಾಯವಿತ್ತು. ಟೇಪ್ ಮೊದಲು ರೆಕಾರ್ಡ್ ಹೆಡ್ ದಾಟುತ್ತದೆ, ಆಮೇಲೆ ಪ್ಲೇಬ್ಯಾಕ್ ಹೆಡ್. ಮೊದಲ ಹೆಡ್ಡಿನಿಂದ ಟ್ರಿಗರ್ (ತುಣುಕನ್ನು ಹೊರಡಿಸುವ ಸೂಚನೆ) ತೆಗೆದುಕೊಂಡರೆ ಪೆಟ್ಟು ಬರುವ ಮುಂಚೆಯೇ ಸುದ್ದಿ ಸಿಗುತ್ತದೆ. ಇಷ್ಟು ಸರಳ, ಇಷ್ಟು ಚಂದದ ಪರಿಹಾರ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಆದರೆ ಈ ವಿಧಾನದಲ್ಲಿ ದಾಖಲಾಗುತ್ತಿದ್ದದ್ದು ಒಂದೇ ಸಂಗತಿ: ಪೆಟ್ಟು ಯಾವಾಗ ಬಿತ್ತು. ಎಷ್ಟು ಜೋರಾಗಿ ಎಂಬುದಕ್ಕೆ ಜಾಗವಿರಲಿಲ್ಲ. ಬೀಟಿನಿಂದ ಬೀಟಿಗೆ ಒಂದೇ ಅಚ್ಚಿನ ಸ್ನೇರ್. ಎಂಬತ್ತರ ದಶಕದ ಎಷ್ಟೋ ರೆಕಾರ್ಡುಗಳಲ್ಲಿ ಆ ಸದ್ದು ಕಿವಿಗೆ ಬೀಳುತ್ತದೆ.

ಮಿಡಿ ಬಂದದ್ದು 1983ರಲ್ಲಿ. ಸಿಂಥಸೈಜರ್ ತಯಾರಕರಾದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಮುಂದೆ ನಿಂತು, ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವಂತೆ ಮಾಡಿದರು. ಮಿಡಿಯಲ್ಲಿ ಸದ್ದು ಇರುವುದಿಲ್ಲ, ಸೂಚನೆ ಮಾತ್ರ ಇರುತ್ತದೆ. ಯಾವ ನೋಟ್, ಎಷ್ಟು ಬಲ. ಆ ಬಲಕ್ಕೆ ವೆಲಾಸಿಟಿ ಅಂತ ಹೆಸರು, 1ರಿಂದ 127ರ ತನಕ ಅಂಕಿ. 1991ರ ಜನರಲ್ ಮಿಡಿ ಒಪ್ಪಂದದಲ್ಲಿ ಡ್ರಮ್ಸಿಗೆ 10ನೇ ಚಾನೆಲ್ ಮೀಸಲಾಯಿತು. ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈ-ಹ್ಯಾಟ್‌ಗೆ 42. ಈ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಅಲೆಸಿಸ್ ಡಿ4 ತರಹದ ಪೆಟ್ಟಿಗೆಗಳು ಟೇಪಿನ ಪೆಟ್ಟನ್ನು ಕೇಳಿ ಮಿಡಿ ನೋಟ್ ಕಳಿಸುತ್ತಿದ್ದವು. ಹಳೆಯ ಮಿಡಿ ಕೇಬಲ್ಲಿನಲ್ಲಿ ಒಂದು ನೋಟ್ ದಾಟಲು ಸುಮಾರು 1 ಮಿಲಿಸೆಕೆಂಡ್ ಬೇಕು. ಕಿಕ್, ಸ್ನೇರ್, ಹ್ಯಾಟ್ ಒಟ್ಟಿಗೆ ಬಿದ್ದರೂ ಸಾಲಿನಲ್ಲಿ ಒಂದರ ಹಿಂದೆ ಒಂದು ಹೋಗಬೇಕಿತ್ತು.

ಕೆಲಸ ಕಂಪ್ಯೂಟರಿನ ಒಳಗೇ ನಡೆಯಲು ಶುರುವಾದ ಮೇಲೆ ಕಾಯುವುದು ತಪ್ಪಿತು. ಪ್ರೋ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೌಂಡ್ ರಿಪ್ಲೇಸರ್, ಆಮೇಲೆ ಡ್ರಮಗಾಗ್, ಟ್ರಿಗರ್ ಮುಂತಾದ ಪ್ಲಗಿನ್‌ಗಳು (ಒಳಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್‌ಗಳು) ಬಂದವು. 2009ರ ಲಾಜಿಕ್ ಪ್ರೋ 9ರಲ್ಲಿ ಡ್ರಮ್ ಬದಲಾಯಿಸುವ ಸೌಲಭ್ಯ ಒಳಗೇ ಬಂತು. 2013ರ ಏಬಲ್ಟನ್ ಲೈವ್ 9 ಡ್ರಮ್ಸಿನ ಆಡಿಯೋವನ್ನು ನೇರವಾಗಿ ಮಿಡಿಗೆ ತಿರುಗಿಸಿತು. 2017ರ ಸುಪೀರಿಯರ್ ಡ್ರಮ್ಮರ್ 3ರ ಟ್ರ್ಯಾಕರ್ ಇನ್ನೂ ಮುಂದೆ ಹೋಯಿತು. ಅದು ಸುಮ್ನೆ ಎತ್ತರ ಅಳೆಯುವುದಿಲ್ಲ. ಸದ್ದಿನ ಗುಣ ಕೇಳಿ, ಇದು ಸ್ನೇರ್, ಇದು ಟಾಮ್ (ಕಿಟ್ಟಿನ ಇನ್ನೊಂದು ಬಗೆಯ ಡ್ರಮ್) ಅಂತ ಗುರುತಿಸಲು ನೋಡುತ್ತದೆ.

ಇಷ್ಟಾದರೂ ತಪ್ಪುತ್ತದೆ. ನನ್ನದೇ ಅನುಭವ ಹೇಳುತ್ತೇನೆ. ಒಂದು ನಿಧಾನದ ಹಾಡಿನ ಸ್ನೇರ್ ಬದಲಾಯಿಸುತ್ತಿದ್ದೆ. ಥ್ರೆಶೋಲ್ಡ್ (ಎಷ್ಟು ಜೋರಿನ ಸದ್ದನ್ನು ಪೆಟ್ಟು ಅಂತ ಎಣಿಸಬೇಕು ಎಂಬ ಮಿತಿ) ಕೆಳಗಿಳಿಸಿದರೆ ಹೈ-ಹ್ಯಾಟ್ ಪೆಟ್ಟಿಗೆಲ್ಲ ಸ್ನೇರ್ ಮೊಳಗುತ್ತಿತ್ತು. ಮೇಲೇರಿಸಿದರೆ ಎಲ್ಲ ಸ್ವಚ್ಛ. ಮೇಲೇರಿಸಿಯೇ ಮುಗಿಸಿದೆ. ಬಾರಿಸಿದ ಗೆಳೆಯ ಕೇಳಿ, "ಇದು ನಾನು ಬಾರಿಸಿದ್ದಲ್ಲ ಕಣೋ, ನಡುವೆ ಇದ್ದಿದ್ದೆಲ್ಲ ಎಲ್ಲಿ ಹೋಯ್ತು?" ಅಂದ. ಅವನ ಮಾತು ನಿಜವಾಗಿತ್ತು. ಹಾಡು ತೂಗುತ್ತಿದ್ದದ್ದೇ ಆ ಮೆಲುಪೆಟ್ಟುಗಳಿಂದ. ಮತ್ತೆ ಕೂತು ಒಂದೊಂದನ್ನೂ ಕಿವಿಯಿಂದ ಹುಡುಕಿ, ಕೈಯಾರೆ ನೋಟ್ ಬರೆದು, ವೆಲಾಸಿಟಿ 20, 25, 30 ಅಂತ ಹಾಕಿದೆ. ಹಾಡಿಗೆ ಮತ್ತೆ ಉಸಿರು ಬಂತು.

ನೋಟ್‌ಗಳು ಸರಿ ಬಂದ ಮೇಲೂ ಎರಡು ಕಡೆ ಎಡವುತ್ತೇವೆ. ಒಂದು, ಹಳೆಯ ಸ್ನೇರ್ ಎಲ್ಲಿಗೂ ಹೋಗಿರುವುದಿಲ್ಲ. ತಲೆಯ ಮೇಲಿನ ಓವರ್‌ಹೆಡ್ ಮೈಕುಗಳಲ್ಲಿ ಅದು ಇದ್ದೇ ಇರುತ್ತದೆ. ಹೊಸ ಸ್ಯಾಂಪಲ್ಲಿನ ಶ್ರುತಿ ಬೇರೆಯಾದರೆ ಎರಡು ಸ್ನೇರ್ ಒಟ್ಟಿಗೆ ಕೇಳಿಸುತ್ತವೆ. ಇನ್ನೊಂದು, ಕಾಲದ ಲೆಕ್ಕ.  ಸೆಕೆಂಡಿಗೆ 44,100 ಸ್ಯಾಂಪಲ್ (ಇಲ್ಲಿ ಆ ಪದಕ್ಕೆ ಅಲೆಯ ಒಂದೊಂದು ಅಳತೆ ಎಂಬ ಅರ್ಥ) ಇರುವ ಫೈಲಿನಲ್ಲಿ 1 ಮಿಲಿಸೆಕೆಂಡ್ ಅಂದರೆ 44 ಸ್ಯಾಂಪಲ್. ಹೊಸ ಕಿಕ್ ಅಷ್ಟು ಜರುಗಿ ಕೂತರೂ ಹಳೆಯದರ ಜೊತೆ ಸೇರಿದಾಗ ಅದರ ಗುಣ ಕೆಡಬಹುದು. ಹಳೆಯ ಕಿಕ್‌ನ ಅಲೆ ಮೇಲಕ್ಕೆ ಏಳುವಾಗ ಹೊಸದರದ್ದು ಕೆಳಕ್ಕೆ ಇಳಿದರಂತೂ ತಳದ ಗಟ್ಟಿತನವೇ ಮಾಯ. ಹೊಸ ಸ್ಯಾಂಪಲ್ ಹಾಕಿದ ಮೇಲೆ ಕಿಕ್ ತೆಳ್ಳಗಾಯಿತು ಅಂತ ಕೊರಗುವವರು ಮೊದಲು ನೋಡಬೇಕಾದದ್ದು ಇದನ್ನೇ. ಅಲೆಯನ್ನು ತಿರುಗಿಸುವ ಒಂದು ಬಟನ್ನಿನಲ್ಲಿ ಎಷ್ಟೋ ಸಲ ಸರಿಹೋಗುತ್ತದೆ.

ಒಂದೇ ಸ್ಯಾಂಪಲ್ ವೇಗವಾಗಿ ಮರುಕಳಿಸಿದರೆ ಮಷೀನ್ ಗನ್ ತರಹ ಕೇಳಿಸುತ್ತದೆ. ಅದಕ್ಕಾಗಿ ಈಗಿನ ಸ್ಯಾಂಪಲ್ ಸಂಗ್ರಹಗಳಲ್ಲಿ ಒಂದೇ ಬಲದ ಹಲವು ಪೆಟ್ಟುಗಳನ್ನು ಸರದಿಯಲ್ಲಿ ನುಡಿಸುತ್ತಾರೆ. ಕಿಕ್, ಸ್ನೇರ್, ಟಾಮ್‌ಗಳ ಮಟ್ಟಿಗೆ ಸಮಸ್ಯೆ ಬಹುಪಾಲು ಮುಗಿದಂತೆ.

ಸಿಂಬಲ್ ಮತ್ತು ಹೈ-ಹ್ಯಾಟ್ ಮಾತ್ರ ಬಗ್ಗಿಲ್ಲ. ಹೈ-ಹ್ಯಾಟ್ ಎಷ್ಟು ತೆರೆದಿದೆ, ಕೋಲಿನ ತುದಿ ತಾಗಿತೋ ಮೈ ತಾಗಿತೋ, ಹಿಂದಿನ ಪೆಟ್ಟಿನ ಗುಂಯ್ ಇನ್ನೂ ಉಳಿದಿರುವಾಗ ಹೊಸದು ಬಿತ್ತೋ, ಇದೆಲ್ಲ ಒಂದು ನೋಟ್, ಒಂದು ಅಂಕಿಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ನಿಯಮ ಇಷ್ಟೇ: ಕಿಕ್, ಸ್ನೇರ್, ಟಾಮ್‌ಗಳಿಗೆ ಸ್ಯಾಂಪಲ್ ಬೆರೆಸಬಹುದು, ಸಿಂಬಲ್‌ಗಳು ಬಾರಿಸಿದ್ದೇ ಇರಲಿ. ಮೂಲ ಟ್ರ್ಯಾಕನ್ನು ಅಳಿಸುವ ಮಾತೇ ಇಲ್ಲ, ಹೊಸದು ಅದರ ಕೆಳಗೆ ಆಸರೆಯಾಗಿ ನಿಂತರೆ ಸಾಕು.

ಆ ಆಸರೆಯ ಸದ್ದು ಅದೇ ಕಿಟ್ಟಿನದಾದರೆ ಇನ್ನೂ ಒಳ್ಳೆಯದು. ಈಗ ರೆಕಾರ್ಡಿಂಗ್ ಮುಗಿದ ಮೇಲೆ ಮೈಕ್ ಬಿಚ್ಚುವ ಮೊದಲು ಇನ್ನು ಹತ್ತು ನಿಮಿಷ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಡ್ರಮ್ಮರ್ ಸ್ನೇರನ್ನು ಒಂದೊಂದಾಗಿ ಬಾರಿಸುತ್ತಾರೆ. ಮೊದಲು ಬೆರಳಲ್ಲಿ ಸವರಿದಷ್ಟು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರು, ಇನ್ನೂ ಜೋರು. ಪ್ರತಿ ಪೆಟ್ಟಿನ ನಂತರ ಸದ್ದು ಪೂರ್ತಿ ಆರುವ ತನಕ ಕೋಣೆಯಲ್ಲಿ ಯಾರೂ ಅಲುಗಾಡುವುದಿಲ್ಲ.